ಅಪಾರ್ಟ್‌ಮೆಂಟಿನ ಜಗಳ ಮತ್ತು ಒಂದು ಅರಿಶಿನ ಕುಂಕುಮ

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋದಲ್ಲಿ ನಮ್ಮ ಮಕ್ಕಳ ಶಾಲೆಯ ಪಕ್ಕ ಕಡಿಮೆ ಬಾಡಿಗೆಯ ಅಪಾರ್ಟ್‌ಮೆಂಟು ಕಟ್ಟಬೇಕೋ ಬೇಡವೋ ಎಂಬ ನಗರಸಭೆಯ ಮೀಟಿಂಗಿಗೆ ನಾನು ಹೋಗದೇ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ! ಡೇಕೇರಿನಲ್ಲಿ ನಮ್ಮ ಮಕ್ಕಳ ಮೂಗು ಒರೆಸುವ ಹೆಂಗಸು ದೂರದ ಊರಿನಿಂದ ಬಂದುಹೋಗಲು ದಿನಾ ನಾಲ್ಕು ಗಂಟೆ ಫ್ರೀವೇಯಲ್ಲೇ ಕಳೆಯುತ್ತಾಳೆ. ಅವಳಿಗೆ ಈ ಊರಿನಲ್ಲೊಂದು ಸೂರು ಸಿಗದಿದ್ದರೆ ಅದು ನಾಚಿಕೆಗೇಡು, ಮಾರುಕಟ್ಟೆ ಕೊಡದಿದ್ದನ್ನು ಸರಕಾರ ಕೊಡಬೇಕು ಎನ್ನುವವಳು ನಾನು. ಮನೆಯಲ್ಲಿ ಗಂಡ ನನ್ನನ್ನು ಕರೆಯುವುದೇ ಕಾಮ್ರೇಡು ಎಂದು.

ಸಭೆಯಲ್ಲಿ ನನಗಿಂತ ಮುಂಚೆ ಮೈಕು ಹಿಡಿದದ್ದು ನನ್ನ ಗೆಳತಿ. ಮಂಡ್ಯದವಳು, ನಮ್ಮ ಎದುರು ಮನೆ, ಹದಿನೈದು ವರ್ಷದ ಒಡನಾಟ. ಟ್ರಾಫಿಕ್ಕು ಹೆಚ್ಚುತ್ತದೆ, ಶಾಲೆ ತುಂಬಿ ತುಳುಕುತ್ತದೆ, ಬೇಡ ಎಂದಳು. ನನಗೆ ಮೈಯೆಲ್ಲ ಉರಿಯಿತು. ನನ್ನ ಸರದಿ ಬಂದಾಗ, ಈಗ ಮಾತಾಡಿದವಳು ಇದೇ ಊರಿನ ಹಳೇ ಅಪಾರ್ಟ್‌ಮೆಂಟಿನ ಒಂದೇ ಬೆಡ್‌ರೂಮಿನಲ್ಲಿ ಅತ್ತೆ, ಮಾವ, ಮೈದುನನ ಜೊತೆ ವರ್ಷಗಟ್ಟಲೆ ಇದ್ದವಳು, ಹತ್ತಿದ ಏಣಿಯನ್ನು ಒದೆಯಬಾರದು ಎಂದುಬಿಟ್ಟೆ. ಜನ ಚಪ್ಪಾಳೆ ತಟ್ಟಿದರು. ಅವಳು ಎದ್ದು ಹೋದಳು. ಅಪಾರ್ಟ್‌ಮೆಂಟಿಗೆ ಒಪ್ಪಿಗೆ ಸಿಕ್ಕಿತು, ನನಗೆ ಮಾತ್ರ ಊಟ ಸೇರಲಿಲ್ಲ. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅದು ಅವಳು ನಮ್ಮ ಅಡುಗೆಮನೆಯಲ್ಲಿ ಕೂತು ನನಗೊಬ್ಬಳಿಗೇ ಹೇಳಿಕೊಂಡದ್ದು.

ಆಮೇಲೆ ಅವಳ ಫೋನೂ ಇಲ್ಲ, ಕರಿಬೇವು ಕೇಳಿಕೊಂಡು ಬರುವುದೂ ಇಲ್ಲ. ಗೆಳತಿಯನ್ನು ಕಳೆದುಕೊಂಡೆ ಎಂದೇ ಅನ್ನಿಸಿತು. ಅಷ್ಟರಲ್ಲಿ ವರಮಹಾಲಕ್ಷ್ಮಿ ಹಬ್ಬ ಬಂತು. ಇಲ್ಲಿ ಈಗ ಎಲ್ಲರೂ ಅರಿಶಿನ ಕುಂಕುಮಕ್ಕೆ ಕರೆಯುವುದು ವಾಟ್ಸಾಪಿನಲ್ಲಿ, ನಾನೂ ಅಷ್ಟೇ. ಅವಳನ್ನು ಮಾತ್ರ ಕುಂಕುಮದ ಬಟ್ಟಲು ಹಿಡಿದು ಬಾಗಿಲಿಗೇ ಹೋಗಿ ಕರೆದೆ. ಬಾಗಿಲಿಗೆ ಬಂದ ಕುಂಕುಮವನ್ನು ಅವಳು ಬೇಡ ಎನ್ನಲಾರಳು ಎಂದು ಗೊತ್ತಿದ್ದೇ ಮಾಡಿದ ಕೆಲಸ ಇದು, ಒಂಥರಾ ಮೋಸವೇ. ಹಣೆ ಒಡ್ಡಿದಳು, ಒಳಗೆ ಹೋದಳು.

ಶುಕ್ರವಾರ ಸಂಜೆ ಹೆಂಗಸರೆಲ್ಲ ಬಂದು ಕೋಸಂಬರಿ ತಿನ್ನುತ್ತಾ ಕೂತರು. ಬೆಲ್ಲು ಆದಾಗಲೆಲ್ಲ ನಾನೇ ಓಡಿದೆ. ಇನ್ನು ಬರುವುದಿಲ್ಲ ಎಂದುಕೊಳ್ಳುವಾಗ ರೇಷ್ಮೆ ಸೀರೆ ಉಟ್ಟು ಬಂದಳು. ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ.

"ತಪ್ಪಾಯ್ತು ಕಣೇ. ಹಂಗೆ ಎಲ್ಲರ ಮುಂದೆ ಹೇಳಬಾರದಿತ್ತು ನಾನು."

"ಹೇಳಬಾರದಿತ್ತು," ಎಂದಳು ಖಡಾಖಂಡಿತವಾಗಿ. ಆಮೇಲೆ ಸೀರೆಯ ಸೆರಗು ನೋಡುತ್ತಾ, "ಮಗಳು ಮೀಟಿಂಗಿನ ವಿಡಿಯೋ ನೋಡ್ಬಿಟ್ಲು ಕಣೇ. ನಾವು ಬಂದಾಗ ಈ ಊರವರು ಯಾರೂ ಬೇಡ ಅನ್ಲಿಲ್ವಾ ಅಮ್ಮ ಅಂತ ಕೇಳಿದ್ಲು. ಇಲ್ಲ, ಯಾರೂ ಅನ್ಲಿಲ್ಲ ಅಂದೆ. ಅವತ್ತಿಂದ ನಿನ್ನ ಮುಖ ನೋಡೋಕೆ ನನಗೆ ಆಗ್ತಿಲ್ಲ."

ಇಷ್ಟು ದಿನ ಅವಳಿಗೆ ಸಿಟ್ಟು ಎಂದುಕೊಂಡಿದ್ದೆ, ನನ್ನ ಹಾಗೆಯೇ ಅವಳಿಗೂ ನಾಚಿಕೆಯಾಗಿತ್ತು. ಅವಳ ಕೆನ್ನೆಗೆ ಅರಿಶಿನ ಹಚ್ಚುವಾಗ ನನಗೆ ಅಳು ಬಂತು, ತಡೆಯಲಿಲ್ಲ.