ಸುಮ್ಮನೆ ಬಿಡಬೇಕಿದ್ದ ಮೂರು ಸಾಲು

ನನ್ನ ತಂಗಿ ಶಶಿಕಲಾ ನನ್ನನ್ನು ಕೇಳಿದ್ದು ಒಂದೇ ಒಂದು ಕೆಲಸ. ಏನೂ ಮಾಡದೆ ಇರುವುದು. ಅದು ನನ್ನ ಕೈಲಿ ಆಗಲಿಲ್ಲ.

ನಗಬೇಡಿ. ನೀವಾದರೂ ಮಾಡಿ ನೋಡಿ. ನಿಮ್ಮದೇ ತೋಟ, ನಿಮ್ಮದೇ ದ್ರಾಕ್ಷಿ ಚಪ್ಪರ. ಎಲೆಯ ಮೇಲೆ ರೋಗ ಕಾಣುತ್ತಿದೆ. ಔಷಧಿ ಹೊಡೆಯುವ ಪಂಪು ಮನೆಯಲ್ಲೇ ಇದೆ. ಕೈಕಟ್ಟಿ ನಿಲ್ಲುತ್ತೀರಾ?

ಹನ್ನೆರಡು ವರ್ಷದ ಹಿಂದಿನ ಮಾತು. ಶಶಿ ಆಗ ಬೆಂಗಳೂರಿನಲ್ಲಿ ಅಗ್ರಿಕಲ್ಚರ್ ಬಿ.ಎಸ್ಸಿ. ಕೊನೆಯ ವರ್ಷ. ನಾನು ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು, ಕೆಂಚಾರ್ಲಹಳ್ಳಿ ಹತ್ತಿರದ ನಮ್ಮ ತೋಟ ಹಿಡಿದವನು. ಅವಳು ರಜೆಗೆ ಬಂದರೆ ಮನೆಯೇ ಒಂದು ಲ್ಯಾಬು. ಹುಳ ಹಿಡಿಯಬೇಕು, ಗುಂಡುಸೂಜಿ ಚುಚ್ಚಿ ಡಬ್ಬಿಯಲ್ಲಿ ಜೋಡಿಸಬೇಕು, ಹೆಸರಿನ ಚೀಟಿ ಅಂಟಿಸಬೇಕು. (ಅರ್ಧ ಹುಳ ಹಿಡಿದುಕೊಟ್ಟವನು ನಾನು. ಡಿಗ್ರಿಯಲ್ಲಿ ಪಾಲು ಸಿಗಲಿಲ್ಲ.) ಕಾಲೇಜಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ತುಂಡು ನೆಲ ಕೊಡುತ್ತಾರಂತೆ. ಹೊತ್ತು ಮೂಡುವ ಮೊದಲೇ ಹಾಸ್ಟೆಲಿನಿಂದ ಓಡಿಹೋಗಿ ಕಳೆ ಕೀಳಬೇಕಂತೆ.

"ಇದನ್ನ ಕಲಿಯೋಕೆ ಫೀಸು ಬೇರೆ ಕಟ್ತೀಯಾ? ಇಲ್ಲಿಗೆ ಬಾ, ಬಿಟ್ಟಿ ಕಲಿಸ್ತೀನಿ" ಎಂದು ರೇಗಿಸುತ್ತಿದ್ದೆ.

ಆ ವರ್ಷ ಅವಳಿಗೊಂದು ಪ್ರಾಜೆಕ್ಟು. ದ್ರಾಕ್ಷಿಯ ಬೂಜು ರೋಗಕ್ಕೆ ಎಷ್ಟು ಸಲ ಔಷಧಿ ಹೊಡೆದರೆ ಸಾಕು ಎಂದು ನೋಡುವುದು. ಜಾಗ ನಮ್ಮದೇ ತೋಟ. ಮೂರು ಸಾಲಿಗೆ ವಾರಕ್ಕೊಮ್ಮೆ. ಇನ್ನು ಮೂರಕ್ಕೆ ಹದಿನೈದು ದಿನಕ್ಕೊಮ್ಮೆ. ದಾರಿಯ ಪಕ್ಕದ ಮೂರು ಸಾಲಿಗೆ ಏನೂ ಇಲ್ಲ.

"ಏನೂ ಇಲ್ಲ ಅಂದ್ರೆ?" ಎಂದೆ.

"ಏನೂ ಇಲ್ಲ ಅಂದ್ರೆ ಏನೂ ಇಲ್ಲ ಕಣಣ್ಣಾ. ರೋಗ ಬಂದ್ರೆ ಬರ್ಲಿ. ಹೊಡೀದೆ ಇದ್ರೆ ಎಷ್ಟು ಬರುತ್ತೆ ಅಂತ ಗೊತ್ತಾಗ್ದೆ, ಔಷಧಿ ಕೆಲಸ ಮಾಡ್ತು ಅಂತ ಹೆಂಗೆ ಹೇಳ್ಲಿ?"

"ಬಳ್ಳಿ ಹಾಳಾದ್ರೆ?"

"ಒಂದು ಫಸಲು ಹೋಗುತ್ತೆ, ಅಷ್ಟೇನಪ್ಪ. ಆ ಸಾಲು ಮುಟ್ಟಲ್ಲ ಅಂತ ಮಾತು ಕೊಡು."

ಕೊಟ್ಟೆ. ಅವಳು ಎಲೆ ಎಣಿಸಬೇಕಾದ ಬಳ್ಳಿಯ ಕಡ್ಡಿಗಳಿಗೆ ಕೆಂಪು ದಾರ ಕಟ್ಟಿ ಬಸ್ಸು ಹತ್ತಿದಳು. ಎರಡು ವಾರಕ್ಕೊಮ್ಮೆ ಭಾನುವಾರ ಬಂದು, ಕಲೆ ಬಿದ್ದ ಎಲೆ ಎಣಿಸಿ ಬರೆದುಕೊಳ್ಳುವುದು ಎಂದು ಮಾತಾಯಿತು.

ಆಮೇಲೆ ಮಳೆ ಹಿಡಿಯಿತು. ಮೋಡ ಕವಿದದ್ದು ಬಿಡಲೇ ಇಲ್ಲ. ಆ ಮೂರು ಸಾಲಿನ ಎಲೆಗಳ ಮೇಲೆ ಎಣ್ಣೆ ತೊಟ್ಟಿಕ್ಕಿದಂಥ ಹಳದಿ ಕಲೆ ಶುರುವಾಯಿತು. ಬೆಳಗ್ಗೆ ಎದ್ದರೆ ಮೊದಲು ಅಲ್ಲಿಗೆ ಹೋಗುತ್ತಿದ್ದೆ. ನೋಡಿ ವಾಪಸು ಬರುತ್ತಿದ್ದೆ. ಕಾಫಿ ಕುಡಿದು ಮತ್ತೆ ಹೋಗುತ್ತಿದ್ದೆ. ಏನು ಮಾಡಲು? ಮಾಡುವಂತಿಲ್ಲವಲ್ಲ!

ಪಕ್ಕದ ತೋಟದ ಮುನಿಶಾಮಪ್ಪ ದಾರಿಯಲ್ಲಿ ಸೈಕಲ್ ನಿಲ್ಲಿಸಿದ. "ಏನಪ್ಪಾ, ಈ ಮೂರು ಸಾಲು ದೇವರಿಗೆ ಬಿಟ್ಟಿದ್ದೀಯಾ?"

"ತಂಗಿ ಪ್ರಾಜೆಕ್ಟು" ಎಂದೆ.

"ಪಿಲ್ಲಕಿ ಚದುವು ಎಕ್ಕುವ ಅಯ್ಯಿಂದಿ" ಎಂದ. (ಹುಡುಗಿಗೆ ಓದು ಜಾಸ್ತಿಯಾಯಿತು ಎಂದು. ನಮ್ಮ ಕಡೆ ಚುಚ್ಚಬೇಕಾದಾಗ ತೆಲುಗು ಬರುತ್ತದೆ.) "ರೋಗ ನಮ್ ಚಪ್ಪರಕ್ಕೆ ಹಾರಿದ್ರೆ ನಿನ್ ತಂಗಿ ಬಂದು ಅದನ್ನೂ ಎಣಿಸ್ತಾಳಾ?"

ಮಾರನೆಯ ದಿನ ಇನ್ನಿಬ್ಬರು ಅದೇ ಮಾತಾಡಿದರು. ಊಟ ಸೇರಲಿಲ್ಲ.

ಗಿಡದ ಮೇಲಿನ ಪ್ರೀತಿಯಿಂದ ಮಾಡಿದೆ ಎಂದು ಬರೆದರೆ ನೀವು ನಂಬಿಬಿಡುತ್ತೀರಿ. ಪೂರ್ತಿ ನಿಜ ಅದಲ್ಲ. ಜನ ನಗುತ್ತಾರೆ ಎನ್ನುವುದು ಒಂದು. ಇನ್ನೊಂದು, ಬರೆಯಲು ಈಗಲೂ ನಾಚಿಕೆ: ನಾನು ಬೆಳೆಸಿದ ತೋಟದಲ್ಲಿ ನಿನ್ನೆ ಮೊನ್ನೆ ಲಂಗ ಹಾಕುತ್ತಿದ್ದ ಹುಡುಗಿ ನನಗೆ 'ಮುಟ್ಟಬೇಡ' ಎನ್ನುವುದೇ?

ಆ ಸಾಲಿಗೂ ಔಷಧಿ ಹೊಡೆದೆ. ಎರಡು ಸಲ.

ಯಾವಾಗಲೂ ಹೊಡೆಯುವ ಮೈಲುತುತ್ತ, ಸುಣ್ಣದ ನೀರಾದರೆ ಎಲೆಯ ಮೇಲೆ ನೀಲಿ ಕಲೆ ಉಳಿಯುತ್ತದೆ. ಸಿಕ್ಕಿಬೀಳುತ್ತೇನೆ. ಬಣ್ಣ ಉಳಿಯದ ಔಷಧಿ ತಂದೆ. ಅದೂ ಹತ್ತಿರದ ಚಿಂತಾಮಣಿಯಿಂದಲ್ಲ. ಅಲ್ಲಿಯ ಅಂಗಡಿಯವರಿಗೆ ಶಶಿಯ ಪರಿಚಯ. ಬಸ್ಸು ಹತ್ತಿ ಶಿಡ್ಲಘಟ್ಟಕ್ಕೇ ಹೋಗಿ ತಂದೆ. ಏಳನೇ ಕ್ಲಾಸಿನ ತಲೆ ಅಷ್ಟು ಚೆನ್ನಾಗಿ ಓಡಿತು!

ಭಾನುವಾರ ಶಶಿ ಬಂದಳು. ಎಣಿಸಿದಳು. ಮತ್ತೆ ಎಣಿಸಿದಳು. "ಇದ್ಯಾಕಣ್ಣಾ, ಕಲೆ ಹೆಚ್ಚಾಗೇ ಇಲ್ಲ? ಈ ಮಳೇಲಿ?"

"ಮಣ್ಣಿನ ಗುಣ" ಎಂದೆ.

ನಂಬಿದಳು. ಕಂಡದ್ದನ್ನು ಕಂಡ ಹಾಗೆ ಬರೆದುಕೊಂಡಳು.

ಪ್ರಾಜೆಕ್ಟ್ ಒಪ್ಪಿಸುವ ದಿನ ಪರೀಕ್ಷೆ ನಡೆಸಲು ಬಂದವರು ಅವಳ ಲೆಕ್ಕ ನೋಡಿ, ಇಡೀ ಕ್ಲಾಸಿನ ಎದುರು ಕೇಳಿದರಂತೆ: "ಔಷಧಿ ಇಲ್ಲದ ಸಾಲಿನಲ್ಲಿ ರೋಗ ಹೆಚ್ಚೇ ಆಗಿಲ್ಲವೇ? ತೋಟಕ್ಕೆ ಹೋಗಿದ್ದೆಯೋ, ಹಾಸ್ಟೆಲಿನಲ್ಲೇ ಕೂತು ನಂಬರ್ ತುಂಬಿದೆಯೋ?"

ಇನ್‌ಲ್ಯಾಂಡ್ ಲೆಟರ್ ಬಂತು. "ಅಣ್ಣಾ, ಚೆನ್ನಾಗಿ ಜ್ಞಾಪಿಸಿಕೊಂಡು ಬರೆ. ಆ ಮೂರು ಸಾಲಿಗೆ ಯಾರಾದರೂ ಔಷಧಿ ಹೊಡೆದಿದ್ದರಾ?"

ಒಂದು ವಾಕ್ಯ ಬರೆದಿದ್ದರೆ ಸಾಕಿತ್ತು. ನಾನೂ ಒಂದೇ ವಾಕ್ಯ ಬರೆದೆ. "ಯಾರೂ ಹೊಡೆದಿಲ್ಲ."

ಅವಳ ಪ್ರಾಜೆಕ್ಟು ತಿರಸ್ಕಾರವಾಯಿತು. ಜೊತೆಯವರೆಲ್ಲ ಪಾಸಾಗಿ ಹಾಸ್ಟೆಲ್ ಖಾಲಿ ಮಾಡಿದರು. ಇವಳೊಬ್ಬಳು ಉಳಿದು, ಕಾಲೇಜಿನ ತೋಟದಲ್ಲಿ ಎಲ್ಲವನ್ನೂ ಮೊದಲಿನಿಂದ ಮಾಡಿದಳು. ನಾನು ಒಂದು ಸಲವೂ ನೋಡಲು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಆಮೇಲೆ ಪಾಸಾದಳು, ಮುಂದೆ ಓದಿದಳು, ಈಗ ಅವಳೇ ಮೇಡಂ. ಎಲ್ಲ ಸರಿಹೋಯಿತಲ್ಲ ಎಂದು ನಾನು ನನಗೇ ಹೇಳಿಕೊಳ್ಳುತ್ತ ಹನ್ನೆರಡು ವರ್ಷ ಕಳೆದೆ.

ಕಳೆದ ಭಾನುವಾರ ಅವಳು ತನ್ನ ಎಂಟು ಜನ ಸ್ಟೂಡೆಂಟ್ಸನ್ನು ನಮ್ಮ ತೋಟಕ್ಕೆ ಕರೆತಂದಳು. ಈಗಿನ ಮಕ್ಕಳು ಪ್ರಾಕ್ಟಿಕಲ್‌ನಲ್ಲಿ ದ್ರಾಕ್ಷಿಯಿಂದ ವೈನ್ ಕೂಡ ಮಾಡುತ್ತಾರಂತೆ. (ನಮ್ಮ ಅಮ್ಮನಿಗೆ ಜ್ಯೂಸ್ ಎಂದು ಹೇಳಿದ್ದೇವೆ.) ಎಲೆ ಎಣಿಸುತ್ತಿದ್ದ ಒಬ್ಬ ಹುಡುಗಿ ಗೊಣಗಿದಳು: "ಮೇಡಂ, ಒಂದೇ ಕಡ್ಡಿಯ ಎಲೇನ ಇಬ್ಬರಿಬ್ಬರು ಯಾಕೆ ಎಣಿಸ್ಬೇಕು?"

ಶಶಿ ನಕ್ಕಳು. "ಯಾಕಂದ್ರೆ ನಿಮ್ಮ ಮೇಡಂ ಇದೇ ತೋಟದಲ್ಲಿ ಒಬ್ಬಳೇ ಎಣಿಸಿ, ತಪ್ಪು ಎಣಿಸಿ, ಒಂದು ಸಲ ಫೇಲ್ ಆಗಿದ್ಲು ಕಣ್ರಮ್ಮ. ನನ್ನ ಕಣ್ಣನ್ನ ನಾನೇ ನಂಬಲ್ಲ. ಇವತ್ತಿಗೂ ಯಾವ ಲೆಕ್ಕಾನೂ ಇನ್ನೊಬ್ಬರಿಗೆ ತೋರಿಸ್ದೆ ಸೈನ್ ಹಾಕಲ್ಲ."

ಮಕ್ಕಳೂ ನಕ್ಕರು. ಮಜ್ಜಿಗೆ ಹಿಡಿದು ನಿಂತಿದ್ದ ನನಗೆ ನಗು ಬರಲಿಲ್ಲ. ಒಂದು ಫಸಲು, ಆರು ತಿಂಗಳು, ಒಂದಿಷ್ಟು ಮಾರ್ಕ್ಸು. ಹಾಳು ಮಾಡಿದ್ದು ಇಷ್ಟೇ ಎಂದುಕೊಂಡಿದ್ದೆ. ಇವಳು ಇಷ್ಟು ವರ್ಷ ತನ್ನ ಕಣ್ಣನ್ನೇ ಅನುಮಾನಿಸುತ್ತ ಬದುಕಿದ್ದಾಳೆ!

"ಶಶೀ, ಆ ಮೂರು ಸಾಲಿಗೆ ಔಷಧಿ ಹೊಡೆದೋನು ನಾನು" ಎಂದೆ. "ನೀನು ಕಾಗದ ಬರೆದು ಕೇಳ್ದಾಗ ಸುಳ್ಳು ಹೇಳ್ದೆ."

ಮಕ್ಕಳು ಎಣಿಸುವುದನ್ನು ನಿಲ್ಲಿಸಿದರು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಸಲೀಸಾಗಿತ್ತು. ಅವಳು ಸಣ್ಣ ದನಿಯಲ್ಲಿ ಕೇಳಿದಳು: "ಹಂಗಾದ್ರೆ... ಅವತ್ತು ನಾನು ಎಣಿಸಿದ್ದು?"

"ಸರಿಯಾಗೇ ಎಣಿಸಿದ್ದೆ ಕಣಮ್ಮ. ತಪ್ಪು ನಂದು, ನನ್ನ ಕ್ಷಮಿಸು."