ರೋಬಾಟಿನ ಹಣೆಯ ಕುಂಕುಮ

ತೊಂಬತ್ತರ ದಶಕದ ಕೊನೆಯಲ್ಲಿ ಲಷ್ಕರ್ ಮೊಹಲ್ಲಾದ ಗುಜರಿ ಅಂಗಡಿಯಲ್ಲಿ ನನಗೆ ವೈಜ್ಞಾನಿಕ ಕಥೆಗಳ ಹಳೇ ಇಂಗ್ಲಿಷ್ ಪತ್ರಿಕೆಗಳ ಕಟ್ಟೊಂದು ಸಿಕ್ಕಿತು. ಒಂದನ್ನು ಬಿಟ್ಟು ಎಲ್ಲದರ ಮುಖಪುಟಕ್ಕೂ ಅರಿಶಿನ ಕುಂಕುಮ ಹಚ್ಚಿತ್ತು. ರೋಬಾಟಿನ ಹಣೆಯನ್ನೂ ಬಿಟ್ಟಿರಲಿಲ್ಲ! ಯಾವ ಪುಣ್ಯಾತ್ಮ ಇವನ್ನು ಸರಸ್ವತಿ ಪೂಜೆಗೆ ಇಟ್ಟಿದ್ದು? ಇಟ್ಟಮೇಲೆ ಆ ಒಂದನ್ನು ಯಾಕೆ ಬಿಟ್ಟಿದ್ದು? ತಲೆಗೆ ಹುಳ ಬಿಟ್ಟಂತಾಗಿ ಕೂತಲ್ಲಿ ಕೂರಲಾಗಲಿಲ್ಲ. ಅಂಗಡಿಯವನನ್ನು ಕಾಡಿ ಬೇಡಿ ಅವನ್ನು ಮಾರಿದವರ ಮನೆ ಗುರುತು ಕೇಳಿಕೊಂಡು ಕುಂಬಾರಕೊಪ್ಪಲಿಗೆ ಹೋದೆ.

ಬಾಗಿಲು ತೆರೆದ ಹಿರಿಯರು ಪತ್ರಿಕೆಗಳನ್ನು ನೋಡಿ ನಕ್ಕುಬಿಟ್ಟರು. "ನನ್ನವೇ. ನಮ್ಮಮ್ಮನಿಗೆ ಇಂಗ್ಲಿಷ್ ಬರ್ತಿರ್ಲಿಲ್ಲ. ಕಾಲೇಜಿನ ಪುಸ್ತಕ ಅಂದ್ಕೊಂಡು ಪ್ರತಿ ದಸರಾಕ್ಕೂ ಪೂಜೆಗಿಡೋರು."

"ಮತ್ತೆ ಇದಕ್ಯಾಕೆ ಕುಂಕುಮ ಇಲ್ಲ?" ತಡೆಯಲಾರದೆ ಕೇಳಿದೆ.

"ಅಷ್ಟೊತ್ತಿಗೆ ನಾನು ಫೇಲಾದ ರಿಸಲ್ಟ್ ಬಂದಿತ್ತು ಕಣ್ರೀ."