ಗಿಳಿಹಸಿರು ಕಣ ಕಟ್ಟಿದ ಬೀಗದ ಕೈ

ಆಗ ನನಗೆ ಎಪ್ಪತ್ತು. ಐದು ವರ್ಷದ ಹಿಂದಿನ ಮಾತು. ಮೊನ್ನೆ ಸೂಜಿ ಹುಡುಕುತ್ತ ಹೊಲಿಗೆ ಡಬ್ಬಿಯನ್ನು ಬೋರಲು ಹಾಕಿದೆ, ಒಂದು ಬೀಗದ ಕೈ ಬಿತ್ತು. ಅದರ ತೂತಿಗೆ ಗಿಳಿಹಸಿರು ರವಿಕೆ ಕಣದ ಚೂರು ಕಟ್ಟಿದೆ. ಚೂರಿನ ಒಂದು ತುದಿ ಕಂದು. ಅದು ಬಣ್ಣವಲ್ಲ, ರಕ್ತ. ಒಗೆದರೂ ಹೋಗಲಿಲ್ಲ. ನಮ್ಮ ಕಿಟಕಿ ತೊಳೆಯುತ್ತಿದ್ದವಳ ರಕ್ತ ಅದು.

ಅವಳು ಗದಗಿನ ಕಡೆಯವಳು. ನನಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವಳು. ಗಂಡ ಸತ್ತಾಗ, ಕಾರಿನಲ್ಲಿ ನಾಲ್ಕು ಗಂಟೆ ದಾರಿಯ ಕಾಪೆಲ್‌ನಲ್ಲಿದ್ದ ಅಣ್ಣ ಬಾ ಎಂದು ಕರೆದರೂ ಹೋಗದೆ, ಇಲ್ಲೇ ಹ್ಯೂಸ್ಟನ್ ಪಕ್ಕದ ಕೇಟಿ, ಫುಲ್‌ಶೀರ್‌ನ ನಮ್ಮ ಕನ್ನಡದವರ ಮನೆಗಳ ಕಿಟಕಿ ತೊಳೆದು ಬದುಕಿದವಳು. ಆ ಮನೆಗಳನ್ನೆಲ್ಲ ಸೇರಿಸಿ 'ನನ್ನ ಲೈನ್' ಅನ್ನುತ್ತಿದ್ದಳು, ಊರಲ್ಲಿ ಹಾಲಿನ ಲೈನ್, ಪೇಪರ್ ಲೈನ್ ಅನ್ನುವ ಹಾಗೆ. ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವ ಮನೆಗಳು. ಒಳಗಿನ ಗಾಜನ್ನೂ ಒರೆಸಬೇಕಲ್ಲ, ಅದಕ್ಕೆ ಬೀಗದ ಕೈಯನ್ನು ಇವಳಿಗೇ ಕೊಟ್ಟಿದ್ದರು. ಶುಕ್ರವಾರ ಹೋದರೆ ಅರಿಶಿನ ಕುಂಕುಮದ ಜೊತೆ ಒಂದು ರವಿಕೆ ಕಣ. ಯಾರೂ ಹೊಲಿಸದೆ ಮನೆಯಿಂದ ಮನೆಗೆ ಸುತ್ತುತ್ತದಲ್ಲ, ಆ ಕಣ. ಅವಳು ಅದರಲ್ಲಿ ಒಂದು ಚೂರು ಹರಿದು ಆ ಮನೆಯ ಬೀಗದ ಕೈಗೆ ಕಟ್ಟಿಕೊಳ್ಳುತ್ತಿದ್ದಳು. ಹೆಸರಿಲ್ಲ, ನಂಬರಿಲ್ಲ. ಎಲ್ಲವೂ ಒಂದೇ ಕಬ್ಬಿಣದ ಬಳೆಗೆ ಪೋಣಿಸಿ ಸೊಂಟದಲ್ಲಿರುತ್ತಿದ್ದವು. ಅವಳು ಬಂದರೆ ಮೊದಲು ಬಣ್ಣ ಕಾಣುತ್ತಿತ್ತು, ಆಮೇಲೆ ಅವಳು...

ಭುಜ ಏಳದಾದಾಗ ಲೈನ್ ಮಾರುತ್ತೇನೆ ಅಂದಳು. ಕಾಪೆಲ್‌ಗೆ ಹೋದರೂ ಆ ದುಡ್ಡಿನಲ್ಲಿ ತನ್ನದೇ ಒಂದು ರೂಮು ಹಿಡಿಯಬೇಕು, ಅತ್ತಿಗೆಯ ಕೈ ಕೆಳಗೆ ಬೀಳಬಾರದು. ಅವಳಿಗೆ ಬೇಕಾಗಿದ್ದು ಅಷ್ಟೇ. ಹ್ಯೂಸ್ಟನ್‌ನಲ್ಲಿ ಅಂಗಡಿ, ಆಫೀಸುಗಳ ಗಾಜು ತೊಳೆಯುವವನೊಬ್ಬ ಮುಂಗಡ ಕೊಟ್ಟ. ಬೆಂಗಳೂರಿನವನು. ಇವಳು ಒಂದು ಷರತ್ತು ಹಾಕಿದಳು: ಅವನು ಇವಳ ಜೊತೆ ಮನೆ ಮನೆಗೂ ಬರಬೇಕು, ಮನೆಯವಳು ಅವನ ಮುಖ ನೋಡಿ ಆಗಲಿ ಅನ್ನಬೇಕು, ಎಲ್ಲ ಮನೆ ಮುಗಿದ ಮೇಲೆ ಬೀಗದ ಕೈ.

"ಮನೆ ಮನೆಗೆ ಮುಖ ತೋರ್ಸೋಕೆ ನಾನೇನು ಮದುವೆ ಗಂಡಾ?" ಅಂದನಂತೆ.

"ಗಂಡಾಗಿದ್ರ ಮೊದಲನೇ ಮನ್ಯಾಗ ಬ್ಯಾಡ ಅಂತಿದ್ರು ಬಿಡಪಾ" ಅಂದಳಂತೆ ಇವಳು.

ಮೂರನೆಯ ಮನೆ ಫುಲ್‌ಶೀರ್‌ನದು. ಅಲ್ಲಿ ಮನೆಯವಳು ನೀರು ತರಲು ಒಳಗೆ ಹೋದಾಗ ಅವನು ದೇವರ ಮನೆಗೆ ನುಗ್ಗಿ ಬೆಳ್ಳಿಯ ದೀಪ ಎತ್ತಿ ಕೈಯಲ್ಲಿ ತೂಗಿ ನೋಡುತ್ತಿದ್ದ. ಇವಳು ಕಂಡಳು. ಹೊರಗೆ ಬಂದವಳೇ ವ್ಯಾಪಾರ ಮುರಿದಳು.

ಎರಡು ದಿನ ಬಿಟ್ಟು ಅವಳು ನಮ್ಮ ಮನೆಯಲ್ಲಿದ್ದಳು. ಒಳಗೆಲ್ಲ ಎಣ್ಣೆ ವಾಸನೆ ಬೇಡವೆಂದು ಮಗಳು ಗ್ಯಾರೇಜಿನಲ್ಲಿ ಒಲೆ ಇಟ್ಟಿದ್ದಾಳೆ. ನಾನು ಅಲ್ಲಿ ಕೋಡುಬಳೆ ಕರಿಯುತ್ತಿದ್ದೆ. ಅವಳು ಪಕ್ಕದ ಕಿಟಕಿಗೆ ಏಣಿ ಹಾಕಿ ನಿಂತಿದ್ದಳು. ಅವನ ಟ್ರಕ್ ಬಂದು ನಿಂತಿತು.

"ಅಡ್ವಾನ್ಸ್ ಇಸ್ಕೊಂಡು ಆಟ ಆಡ್ತಿದೀಯಾ? ಕೀ ಎಲ್ಲಾ ಕೊಡು."

"ನಿನ್ನ ಅಡ್ವಾನ್ಸ್ ಸಂಜೀಕ ನಿನ್ನ ಕೈಯಾಗ ಇಡ್ತೀನಿ. ಕೀಲಿ ಮಾತ್ರ ಕೊಡಂಗಿಲ್ಲ. ಹೋಗು."

ಅವನು ಏಣಿಗೆ ಒದ್ದ. ಅವಳು ಕಾಂಕ್ರೀಟಿನ ಮೇಲೆ ಅಂಗಾತ ಬಿದ್ದಳು. ಏಳುವ ಮೊದಲೇ ವೈಪರ್ ಸಿಕ್ಕಿಸುವ ಉದ್ದನೆಯ ಕೋಲು ಎತ್ತಿ ಬಾರಿಸಿದ. ಕಬ್ಬು ಮುರಿದ ಸದ್ದು ಬಂತು. ಅದು ಅವಳ ಬಲಗೈ. ಎಡಗೈಯಲ್ಲಿ ಬೀಗದ ಕೈಗಳ ಬಳೆಯನ್ನು ಬಿಗಿಯಾಗಿ ಹಿಡಿದಿದ್ದಳು. ಅವನು ಆ ಮುಷ್ಟಿಯನ್ನು ಬೂಟುಗಾಲಲ್ಲಿ ತುಳಿದ. ರಕ್ತ ಸೋರುವ ಬೆರಳ ಸಂದಿಯಿಂದ ಹಸಿರು ಚೂರು ಹೊರಗೆ ಕಾಣುತ್ತಿತ್ತು, ಅದನ್ನೇ ಹಿಡಿದು ಎಳೆಯತೊಡಗಿದ. ಅವಳು ಅವನ ಮಣಿಕಟ್ಟು ಕಚ್ಚಿದಳು. ಬಾಯೆಲ್ಲ ಕೆಂಪಾಯಿತು. ಆದರೂ ಬಿಡಲಿಲ್ಲ, ಅವನೂ ಬಿಡಲಿಲ್ಲ.

ನಾನು ಎಣ್ಣೆಯಲ್ಲಿದ್ದ ಜಾಲರಿ ಸೌಟನ್ನು ತೆಗೆದು ಅವನ ಕಿವಿಯ ಹಿಂದೆ ಒತ್ತಿದೆ. ಚುರ್ ಎಂದಿತು. ಕೂದಲು, ಚರ್ಮ ಸುಟ್ಟ ನಾತ ಬಂತು. ತಿರುಗಿ ನನ್ನ ಬಾಯಿಗೆ ಗುದ್ದಿದ, ಎರಡು ಹಲ್ಲು ಹೋದವು. ನಾನು ಹಿಡಿಬಟ್ಟೆಯಲ್ಲಿ ಬಾಣಲೆಯನ್ನೇ ಎತ್ತಿಕೊಂಡೆ. ಈ ಮುದುಕಿ ಸುರಿದೇ ಬಿಡುತ್ತಾಳೆ ಅನ್ನುವುದು ಅವನಿಗೆ ನನ್ನ ಮುಖದಲ್ಲಿ ಕಂಡಿರಬೇಕು, ಓಡಿದ. ಸುರಿಯುತ್ತಿದ್ದೆ. ಅದರಲ್ಲಿ ಮುಚ್ಚಿಡುವುದೇನೂ ಇಲ್ಲ.

ಪೊಲೀಸರು ಬಂದು ಬರೆದುಕೊಂಡು ಹೋದರು. ಅವನು ಊರು ಬಿಟ್ಟಿದ್ದ, ಸಿಗಲಿಲ್ಲ. ಆಸ್ಪತ್ರೆಯಲ್ಲಿ ಬಲಗೈಗೆ ಪ್ಲಾಸ್ಟರ್, ಎಡಗೈಯ ಬೆರಳಿಗೆ ಪಟ್ಟಿ. ನಮ್ಮ ಮನೆಗೇ ಕರೆತಂದೆವು.

"ಹುಷಾರಾದ್ಮೇಲೆ ಬೇರೆ ಯಾರಿಗಾದ್ರೂ ಲೈನ್ ಮಾರಿ ಆಂಟಿ" ಅಂದಳು ನನ್ನ ಮಗಳು.

"ಮುರದ ಕೈಲೆ ಇವನ್ನ ಹೆಂಗ ಕಾಯ್ಲಿ? ನಾಳೆ ಎಲ್ಲಾರ ಕೀಲಿ ತಿರುಗಿ ಕೊಡ್ತೀನಿ."

"ಕೊಟ್ಮೇಲೆ ಮಾರೋಕೆ ಏನುಳಿಯುತ್ತೆ ಕಣೇ ನಿಂಗೆ?" ಅಂದೆ ನಾನು.

"ಏನೂ ಉಳಿಯೂದಿಲ್ಲರಿ ಅವ್ವಾರ."

ಹಾಗೇ ಆಯಿತು. ಕಾಪೆಲ್‌ನಲ್ಲಿ ಅವಳಿಗೆ ರೂಮು ಆಗಲಿಲ್ಲ. ಅಣ್ಣನ ಮನೆಯಲ್ಲೇ, ಬಟ್ಟೆ ಒಗೆಯುವ ಮೆಷಿನ್ ಪಕ್ಕ ಮಂಚ ಹಾಕಿಕೊಟ್ಟಿದ್ದರು. ಆ ಕೈ ಮತ್ತೆ ನೆಟ್ಟಗಾಗಲಿಲ್ಲ. ಹೋದ ಚಳಿಗಾಲದಲ್ಲಿ ಸತ್ತಳೆಂದು ಮಗಳ ಫೋನಿಗೆ ಸುದ್ದಿ ಬಂತು. ನಾನು ಹೋಗಲಿಲ್ಲ. ಹೋಗಿ ಮಾಡುವುದೇನು? ಈಗ ನಮ್ಮ ಕಿಟಕಿಗೆ ಯಾರೋ ಬರುತ್ತಾರೆ, ಹೊರಗಿನಿಂದ ನೀರು ಹಾರಿಸಿ ಹೋಗುತ್ತಾರೆ. ಒಳಗಿನ ಗಾಜು ಹಾಗೇ ಇದೆ. ಬಾರೇ, ಕೋಡುಬಳೆ ತಿನ್ನು ಅನ್ನಲು ಒಬ್ಬಳಿದ್ದಳು...

ಐದು ವರ್ಷದ ಹಿಂದೆ, ಅವಳು ಏಟು ತಿಂದ ಮರುದಿನ ಬೆಳಿಗ್ಗೆ ಮಗಳು ಆಫೀಸಿಗೆ ರಜೆ ಹಾಕಿ ಕಾರು ತೆಗೆದಳು. ಮನೆ ಬಂದಾಗ ಇವಳು ಬಣ್ಣ ಹೇಳುತ್ತಿದ್ದಳು, ನಾನು ಬಳೆಯಿಂದ ಬಿಡಿಸಿ, ಫೋನ್ ಮಾಡಿದ್ದರಿಂದ ಕಾದಿದ್ದ ಮನೆಯವರ ಕೈಗೆ ಇಡುತ್ತಿದ್ದೆ. ಕೊನೆಯದು ಗಿಳಿಹಸಿರು. ಆ ಮನೆಯವಳು ಒಂದೆರಡು ವರ್ಷದಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು, ಯಾವಾಗಲೂ ತಾನೇ ಬಾಗಿಲು ತೆಗೆಯುತ್ತಿದ್ದಳು, ಬೀಗದ ಕೈ ಬೇಕಾಗಿಯೇ ಇರಲಿಲ್ಲ.

"ಅಯ್ಯೋ, ಇದಾ? ಆ ಲಾಕ್ ಹೋದ ವರ್ಷಾನೇ ಚೇಂಜ್ ಮಾಡ್ಸಿದ್ವಿ ಆಂಟಿ. ಬಿಸಾಕಿ."

ಇವಳು ಪಟ್ಟಿ ಸುತ್ತಿದ ಕೈಯಲ್ಲಿ ಅದನ್ನು ನನ್ನಿಂದ ತೆಗೆದುಕೊಂಡು ಆಕೆಯ ಅಂಗೈಗೇ ಇಟ್ಟಳು. "ಬಿಸಾಕೂದು ನಿಮ್ಮ ಕೆಲಸರಿ. ಕೊಡೂದು ನಂದು." ಹೋಗಿ ಕಾರಿನಲ್ಲಿ ಕೂತಳು. ಆಕೆ ಗೇಟಿನ ಬಳಿಯ ಕಸದ ಡಬ್ಬಿಗೆ ಹಾಕಿ ಬಾಗಿಲು ಮುಚ್ಚಿಕೊಂಡಳು. ಮಗಳು ಕಾರು ಹೊರಡಿಸುತ್ತಿದ್ದಳು. ನಿಲ್ಲಿಸೇ ಎಂದು ಇಳಿದೆ. ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿ ಅದನ್ನು ಹುಡುಕಿ ತೆಗೆದೆ, ಸೆರಗಿಗೆ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.